ಚಳಿಗಾಲದ ಹಿನ್ನೀರು ಮೀನಿಗೆ ಹಿತವಾಗಿದೆಯೇ? ಅಳೆಯುವ ಬಗೆ

ಪೇಪರಿನಲ್ಲಿ ದಿನವೂ ನಮ್ಮ ಹಾಸನದ ಗೊರೂರಿನಲ್ಲಿರುವ ಹೇಮಾವತಿ ಜಲಾಶಯದ ಮಟ್ಟ ಬರುತ್ತದೆ. ಗರಿಷ್ಠ 2922 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್. ನೀರು ಎಷ್ಟಿದೆ ಎಂದು ಇದರಿಂದ ತಿಳಿಯುತ್ತದೆ. ಆ ನೀರಲ್ಲಿ ಮೀನು ನೆಮ್ಮದಿಯಾಗಿದೆಯಾ ಎಂದು ತಿಳಿಯಬೇಕಾದರೆ ನಾಲ್ಕು ಅಳತೆ ಬೇಕು: ಆಳ, ಉಷ್ಣತೆ, ಕರಗಿದ ಆಮ್ಲಜನಕ, ಹರಿವಿನ ವೇಗ. ನಾಲ್ಕನ್ನೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಯಾಕೆ ಎನ್ನುವುದೇ ಇಲ್ಲಿ ಮುಖ್ಯ ವಿಷಯ.

ಕಲಿಯಲು ಒಳ್ಳೆಯ ಉದಾಹರಣೆ ಅಮೆರಿಕದ ಮಿಸಿಸಿಪ್ಪಿ ನದಿಯ ಮೇಲ್ಭಾಗ. ಮಿನೆಸೋಟ, ವಿಸ್ಕಾನ್ಸಿನ್, ಅಯೋವಾ ರಾಜ್ಯಗಳ ಕಡೆಯದು. ಸರಕು ಸಾಗಿಸುವ ದೋಣಿಗಳಿಗೆ 9 ಅಡಿ ಆಳ ಸಿಗಲಿ ಎಂದು 1930ರ ದಶಕದಲ್ಲಿ ಅಲ್ಲಿ ಸಾಲುಸಾಲಾಗಿ ಅಣೆಕಟ್ಟು ಕಟ್ಟಿದರು. ನೀರು ಪಕ್ಕದ ತಗ್ಗುಗಳಿಗೂ ಹಳೆಯ ಕವಲುಗಳಿಗೂ ಹರಡಿತು. ನಮ್ಮ ಗೊರೂರಿನಂತೆ ಒಂದೇ ದೊಡ್ಡ ಹರವು ಅಲ್ಲ, ನದಿಗೆ ಅಂಟಿಕೊಂಡ ನೂರಾರು ನಿಂತ ನೀರಿನ ಜಾಗಗಳು. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಆಗ ಬ್ಲೂಗಿಲ್, ಕ್ರಾಪಿ, ಬಾಸ್ ಮೀನುಗಳು ನಡು ಹೊಳೆ ಬಿಟ್ಟು ಇಲ್ಲಿಗೆ ಬಂದು ಸೇರುತ್ತವೆ. ಹೂಳು ತುಂಬಿ ಈ ಜಾಗಗಳು ಕೆಡುತ್ತಾ ಬಂದವು. 1986ರಲ್ಲಿ ಶುರುವಾದ ನದಿ ಪುನಶ್ಚೇತನ ಕಾರ್ಯಕ್ರಮ ಹೂಳೆತ್ತುವುದು, ದ್ವೀಪ ಕಟ್ಟುವುದರ ಜೊತೆಗೆ ಅಳತೆಯನ್ನೂ ಮಾಡಿಕೊಂಡು ಬಂದಿದೆ.

ಮೀನು ಅಲ್ಲಿಗೇ ಯಾಕೆ ಬರುತ್ತದೆ? ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಿಂತ ನೀರಲ್ಲಿ ಈ ಭಾರದ ನೀರು ತಳಕ್ಕೆ ಇಳಿಯುತ್ತದೆ, ಸೊನ್ನೆಗೆ ಹತ್ತಿರದ ನೀರು ಗಡ್ಡೆಯ ಕೆಳಗೇ ಉಳಿಯುತ್ತದೆ. ಹರಿಯುವ ನದಿಯಲ್ಲಿ ಎಲ್ಲ ಕಲೆತು ಮೇಲಿನಿಂದ ತಳದವರೆಗೂ ಸೊನ್ನೆಯ ಹತ್ತಿರವೇ. ಅಂದರೆ ಹಿನ್ನೀರಿನ ತಳ ಮೀನಿಗೆ ಬೆಚ್ಚಗಿನ ಜಾಗ. ಆದರೆ ತೊಂದರೆ ಇರುವುದೂ ಅಲ್ಲೇ. ಗಡ್ಡೆ ಗಾಳಿಯನ್ನು ತಡೆಯುತ್ತದೆ. ಗಡ್ಡೆ ತಿಳಿಯಾಗಿದ್ದರೆ ಬೆಳಕು ಒಳಗೆ ಹೋಗಿ ಪಾಚಿ ಒಂದಿಷ್ಟು ಆಮ್ಲಜನಕ ಕೊಡುತ್ತದೆ. ಮೇಲೆ ಹಿಮ ಬಿದ್ದರೆ ಕತ್ತಲು, ಅದೂ ನಿಂತುಹೋಗುತ್ತದೆ. ತಳದಲ್ಲಿ ಕೊಳೆಯುವ ಎಲೆ, ಗಿಡ ಮಾತ್ರ ಆಮ್ಲಜನಕವನ್ನು ತಿನ್ನುತ್ತಲೇ ಇರುತ್ತವೆ. ಬೆಚ್ಚಗಿರುವ ಕಡೆ ಉಸಿರು ಕಡಿಮೆ, ಉಸಿರಿರುವ ಕಡೆ ಚಳಿ ಜಾಸ್ತಿ.

1990ರ ದಶಕದಲ್ಲಿ ಬ್ಲೂಗಿಲ್ ಮತ್ತು ಕ್ರಾಪಿಗಳಿಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮೀಟರ್ ಅಳವಡಿಸಿ ಚಳಿಗಾಲದಲ್ಲಿ ಹಿಂಬಾಲಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ ಇದ್ದ ಕಡೆ ಮೀನುಗಳು ನಿಲ್ಲಲಿಲ್ಲ. ಅದಕ್ಕಿಂತ ಹೆಚ್ಚಿದ್ದಾಗ 1 ಡಿಗ್ರಿಗಿಂತ ಬೆಚ್ಚಗಿನ, ಸೆಕೆಂಡಿಗೆ 1 ಸೆಂಟಿಮೀಟರಿಗಿಂತ ನಿಧಾನದ ನೀರನ್ನೇ ಆರಿಸಿಕೊಂಡವು. ಆಮ್ಲಜನಕ ಕುಸಿದಾಗ ಬೇರೆ ದಾರಿಯಿಲ್ಲದೆ ತಣ್ಣಗಿನ, ಹರಿಯುವ ನೀರಿಗೆ ಸರಿದವು.

ಸೆಕೆಂಡಿಗೆ 1 ಸೆಂಟಿಮೀಟರ್ ಅಂದರೆ ಗಂಟೆಗೆ 36 ಮೀಟರ್. ಕಣ್ಣಿಗೆ ನೀರು ನಿಂತಂತೆಯೇ ಕಾಣುತ್ತದೆ, ಅಲ್ವಾ? ಆದರೆ ಚಳಿಯಲ್ಲಿ ಮೈ ನಿಧಾನವಾದ, ಮೇವು ಕಡಿಮೆಯಾದ ಮೀನು ತಿಂಗಳುಗಟ್ಟಲೆ ಅದರ ಎದುರು ಈಜಿ ನಿಲ್ಲಬೇಕು. ಆ ಖರ್ಚು ಸಣ್ಣದಲ್ಲ. ನನಗೆ ಹರಿವಿನ ವೇಗವೇ ನಾಲ್ಕರಲ್ಲಿ ಮುಖ್ಯ ಅನಿಸುವುದು ಇನ್ನೊಂದು ಕಾರಣಕ್ಕೆ. ಉಷ್ಣತೆ, ಆಮ್ಲಜನಕ ಎರಡನ್ನೂ ತಿರುಗಿಸುವುದು ಅದೇ. ಹಿನ್ನೀರಿನ ಬಾಯಿ ಅಗಲ ಮಾಡಿದರೆ ನದಿಯ ನೀರು ಆಮ್ಲಜನಕವನ್ನೂ ತರುತ್ತದೆ, ಚಳಿಯನ್ನೂ ತರುತ್ತದೆ. ಪೂರ್ತಿ ಮುಚ್ಚಿದರೆ ಬೆಚ್ಚಗಾಗುತ್ತದೆ, ಉಸಿರು ಕಟ್ಟುತ್ತದೆ. ಕೆರೆಯ ತೂಬನ್ನು ಗದ್ದೆಗೆ ಬೇಕಾದಷ್ಟೇ ಎತ್ತುವ ಹಾಗೆ ಹದ ಹಿಡಿಯಬೇಕು. ಒಂದೇ ಅಂಕಿ ನೋಡಿ ಜಾಗ ಒಳ್ಳೆಯದು ಎನ್ನಲು ಆಗುವುದಿಲ್ಲ.

ಅಳೆಯುವವರು ಗಡ್ಡೆ ಕೊರೆದು ಮೊದಲು ಹಿಮದ ದಪ್ಪ, ಗಡ್ಡೆಯ ದಪ್ಪ, ನೀರಿನ ಆಳ ಬರೆದುಕೊಳ್ಳುತ್ತಾರೆ. ಆಮೇಲೆ ಸೆನ್ಸರನ್ನು ಮೆಲ್ಲಗೆ ಇಳಿಸಿ ಗಡ್ಡೆಯ ಕೆಳಗೆ, ನಡುವೆ, ತಳದ ಹತ್ತಿರ ಓದುತ್ತಾರೆ. ಕೊರೆಯುವಾಗ ಮೇಲಿನ ನೀರಿಗೆ ಗಾಳಿ ಸೇರುತ್ತದೆ. ಸೆನ್ಸರ್ ಕೆಸರಿಗೆ ತಗುಲಿದರೆ ತಳದ ಓದು ಕೆಡುತ್ತದೆ. ಎರಡಕ್ಕೂ ತಾಳ್ಮೆ ಬೇಕು. ಅಷ್ಟು ನಿಧಾನದ ಹರಿವನ್ನು ಸಾಮಾನ್ಯ ರೆಕ್ಕೆ ಮೀಟರ್ ಹಿಡಿಯುವುದು ಕಷ್ಟ, ವಿದ್ಯುತ್ಕಾಂತೀಯ ಅಥವಾ ಶಬ್ದ ತರಂಗದ ಮೀಟರ್ ಬೇಕು. ಅಳೆಯುವ ಜಾಗಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುವುದು ಕಡ್ಡಾಯ. ಸುಲಭವಾಗಿ ತಲುಪುವ ದಡದಲ್ಲೇ ಅಳೆದರೆ ಇಡೀ ಹಿನ್ನೀರಿನ ಚಿತ್ರ ಸಿಗದು.

ಇನ್ನು ನಮ್ಮ ಕಡೆ. ಹಾಸನದಲ್ಲಿ ಗಡ್ಡೆ ಕಟ್ಟುವುದಿಲ್ಲ, ಹಾಗಾಗಿ ಮೇಲಿನ ಮಿತಿಗಳನ್ನು ಸುಮ್ನೆ ಎತ್ತಿ ಇಲ್ಲಿಗೆ ಹಾಕಬಾರದು. ಕ್ರಮವನ್ನು ಮಾತ್ರ ತೆಗೆದುಕೊಳ್ಳೋಣ. ಸಮುದ್ರ ಮಟ್ಟದಲ್ಲಿ 0 ಡಿಗ್ರಿ ನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 25 ಡಿಗ್ರಿಯಲ್ಲಿ ಬರೀ 8.3. ಗೊರೂರಿನಲ್ಲಿ ಇನ್ನೂ ಕಡಿಮೆ. ಪೇಪರಿನ 2922 ಅಡಿ ಅಣೆಕಟ್ಟಿನ ಎತ್ತರ ಅಲ್ಲ, ಸಮುದ್ರ ಮಟ್ಟದಿಂದ ಎತ್ತರ, ಅಂದರೆ ಸುಮಾರು 890 ಮೀಟರ್. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ, ಆದ್ದರಿಂದ 8.3 ಸುಮಾರು 7.4ಕ್ಕೆ ಇಳಿಯುತ್ತದೆ. ಮೀಟರನ್ನು ಈ ಒತ್ತಡಕ್ಕೆ ಸರಿಹೊಂದಿಸದೆ ಅಳೆದರೆ ಓದು ತಪ್ಪುತ್ತದೆ.

ಅದೇ ಮಟ್ಟದಿಂದ ಆಳವನ್ನೂ ಲೆಕ್ಕ ಹಾಕಬಹುದು. ಮಟ್ಟ 2910 ಇರುವ ದಿನ ಶೆಟ್ಟಿಹಳ್ಳಿ ಕಡೆಯ ಒಂದು ಜಾಗದಲ್ಲಿ 14 ಅಡಿ ಆಳ ಸಿಕ್ಕಿತು ಎಂದಿಟ್ಟುಕೊಳ್ಳಿ. ತಳ 2896 ಅಡಿಯಲ್ಲಿದೆ ಎಂದಾಯಿತು. ಮಟ್ಟ 2900ಕ್ಕೆ ಇಳಿದ ದಿನ ಅಲ್ಲಿ ಉಳಿಯುವುದು 4 ಅಡಿ. ನಾಲೆಗೆ ನೀರು ಬಿಟ್ಟು ಮಟ್ಟ ಇಳಿಯುವಾಗ ಯಾವ ಮೂಲೆ ಮೊದಲು ಒಣಗುತ್ತದೆ ಎಂದು ಹೀಗೆ ಮೊದಲೇ ಹೇಳಬಹುದು.

ಆಮ್ಲಜನಕವನ್ನು ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ ಅಳೆಯಿರಿ. ರಾತ್ರಿಯಿಡೀ ಗಿಡ, ಪಾಚಿ ಉಸಿರಾಡಿ ಬೆಳಗಿನ ಜಾವಕ್ಕೆ ಅದು ಅತಿ ಕಡಿಮೆ ಇರುತ್ತದೆ. ಜೊಂಡು ತುಂಬಿದ ಮೂಲೆಯಲ್ಲಿ ಮಧ್ಯಾಹ್ನದ ಓದು ಮಾತ್ರ ನೋಡಿದರೆ ಎಲ್ಲ ಚೆನ್ನಾಗಿದೆ ಅನಿಸಿಬಿಡುತ್ತದೆ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಅನುಮತಿ ಪಡೆದು, ಲೈಫ್ ಜಾಕೆಟ್ ಹಾಕಿಕೊಂಡು, ಹಿನ್ನೀರು ಗೊತ್ತಿರುವ ಮೀನುಗಾರರ ತೆಪ್ಪದಲ್ಲೇ ಹೋಗಿ. ಜಾವದ ಓದು 3 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಾಟ್ಲಾ, ರೋಹುಗಳಿಗೆ ಕಷ್ಟ. ಅಲ್ಲಿ ಕೊರವ ಮೀನು ಆರಾಮಾಗಿ ಓಡಾಡುತ್ತಿದ್ದರೂ ನೀರು ಚೆನ್ನಾಗಿದೆ ಎಂದು ಬರೆಯಬೇಡಿ, ಅದು ಮೇಲೆ ಬಂದು ನೇರ ಗಾಳಿಯನ್ನೇ ಉಸಿರಾಡುವ ಮೀನು.