ಮನೆ: ಹೊಳೆ ದಾಟಿದಾಗ ಬದಲಾಗುವ ಅಂತಸ್ತು

ಕೇರಳದ ಅರ್ಜಿ ನಮೂನೆಗಳಲ್ಲಿ ‘ವೀಟ್ಟುಪೇರ್’, ಅಂದರೆ ಮನೆಯ ಹೆಸರು, ಎಂಬ ಒಂದು ಅಂಕಣವಿರುವುದುಂಟು. ಕಾಸರಗೋಡಿನ ಕನ್ನಡಿಗನು ಅಲ್ಲಿ ‘ಹೊಸಮನೆ’ ಎಂದು ಬರೆದರೆ, ವಿಳಾಸಕ್ಕೆ ಬರುವಷ್ಟರಲ್ಲಿ ಅದು ‘ಹೊಸಮನೆ ವೀಡ್’ ಅಥವಾ ‘ಹೊಸಮನೆ ಹೌಸ್’ ಆಗಿಬಿಡುತ್ತದೆ. ಒಂದೇ ಸೂರಿಗೆ ಕನ್ನಡದವರು ಮನೆ, ತುಳುವರು ಇಲ್ಲ್, ಮಲಯಾಳದವರು ವೀಡ್ ಅಥವಾ ಪುರ, ಕೊಂಕಣಿ ಮತ್ತು ಮರಾಠಿಯವರು ಘರ್ ಎನ್ನುವ ಈ ನೆಲದಲ್ಲಿ, ‘ಮನೆ’ ಎಂಬ ಪದವನ್ನು ಅದರ ನೆರೆಹೊರೆಯ ಪದಗಳ ಜೊತೆಗಿಟ್ಟು ನೋಡಿದರೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ.

‘ಮನೆ’ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಇದು ‘ಮನೈ’, ಮಲಯಾಳದಲ್ಲಿ ‘ಮನ’, ಕೊಡವ ಭಾಷೆಯಲ್ಲಿ ಕನ್ನಡದಂತೆಯೇ ‘ಮನೆ’. ಕೊಡವರ ಕುಲದ ಹಿರಿಮನೆ ‘ಐನ್‌ಮನೆ’ ಎನಿಸಿಕೊಂಡಿದೆ. ತಮಿಳಿನ ‘ಮನ್ನು’ ಎಂಬ ಕ್ರಿಯಾಪದಕ್ಕೆ ನೆಲೆಯಾಗಿ ಉಳಿ ಎಂದೂ, ತೆಲುಗಿನ ‘ಮನು’ ಎಂಬುದಕ್ಕೆ ಬಾಳು ಎಂದೂ ಅರ್ಥವಿದ್ದು, ಮನೆ ಎಂಬ ನಾಮಪದವನ್ನು ಇವುಗಳೊಡನೆ ಜೋಡಿಸಿ ನೋಡುವುದು ವಾಡಿಕೆ. ಹಾಗೆ ನೋಡಿದರೆ ಗೋಡೆ, ಮಾಡು, ಬಾಗಿಲುಗಳಿಗಿಂತ ಮೊದಲು ಈ ಪದವು ಹೇಳುವುದು ಒಂದೆಡೆ ನಿಲ್ಲುವುದನ್ನು. ನಾವು ಇಂದಿಗೂ ‘ಮನಸ್ಸಿನಲ್ಲಿ ಚಿಂತೆ ಮನೆಮಾಡಿತು’ ಎನ್ನುವಾಗ ಕಟ್ಟಡದ ಸೋಂಕಿಲ್ಲದ ಆ ಹಳೆಯ ಅರ್ಥವನ್ನೇ ಬಳಸುತ್ತಿದ್ದೇವೆ. ಚದುರಂಗದ ಹಾಸಿನ 64 ಮನೆಗಳೂ ಜಾತಕದ 12 ಮನೆಗಳೂ ಕಾಯಿ ಅಥವಾ ಗ್ರಹ ನಿಲ್ಲುವ ಠಾವುಗಳೇ.

ವೀಡ್ ಎಂಬುದು ನಮಗೆ ಪರಕೀಯವೆಂದು ತೋರಿದರೂ ಅದು ಕನ್ನಡದ ‘ಬೀಡು’ ಎಂಬ ಪದದ ಒಡಹುಟ್ಟು. ತಮಿಳು ಮತ್ತು ಮಲಯಾಳಗಳ ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ನಿಯಮವೆನ್ನುವಷ್ಟು ವ್ಯಾಪಕವಾಗಿದೆ: ವೇರ್ ಎಂಬುದು ಬೇರು, ವಾಯ್ ಎಂಬುದು ಬಾಯಿ, ವಿರಲ್ ಎಂಬುದು ಬೆರಳು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆಗುವಂತೆ ‘ಬಿಡು’ ಎಂಬುದರಿಂದ ‘ಬೀಡು’ ಆಯಿತು. ಪಯಣದಲ್ಲಿದ್ದವರು ಎತ್ತುಗಳ ಕೊರಳು ಬಿಟ್ಟು, ಹೊರೆ ಇಳಿಸಿ ತಂಗುವ ಸ್ಥಳವೆಂಬ ಅರ್ಥವು ‘ಬೀಡುಬಿಡು’ ಎಂಬ ಮಾತಿನಲ್ಲಿ ಈಗಲೂ ಉಳಿದಿದೆ. ತಮಿಳಿನಲ್ಲಿ ‘ವೀಡು’ ಎಂದರೆ ಮೋಕ್ಷವೂ ಹೌದು; ಅಲ್ಲಿ ಬಿಡುಗಡೆಯ ಅರ್ಥ ಇನ್ನೂ ಮೇಲಕ್ಕೇರಿದೆ. ಮನೆ ಎಂಬುದು ನಿಲ್ಲುವುದರಿಂದ, ಬೀಡು ಎಂಬುದು ಇಳಿಸಿಕೊಳ್ಳುವುದರಿಂದ ಹುಟ್ಟಿದವು ಎನ್ನಬಹುದು.

ಮೂಲಕ್ಕಿಂತಲೂ ನನಗೆ ಹೆಚ್ಚು ಕುತೂಹಲಕರವಾಗಿ ಕಂಡಿರುವುದು ಈ ಪದಗಳ ಅಂತಸ್ತು. 1887ರಲ್ಲಿ ಪ್ರಕಟವಾದ ತಮ್ಮ ಮಲಬಾರ್ ಕೈಪಿಡಿಯಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಲೋಗನ್ ಅವರು, ಮಲಬಾರಿನಲ್ಲಿ ವಾಸಿಸುವವರ ಜಾತಿಗೆ ತಕ್ಕಂತೆ ವಾಸಸ್ಥಾನದ ಹೆಸರು ಬದಲಾಗುತ್ತಿದ್ದುದನ್ನು ದಾಖಲಿಸಿದ್ದಾರೆ: ಜೀತದಾಳುವಿನದು ಚಾಳ; ಕಮ್ಮಾರ, ಬಡಗಿ, ನೇಕಾರರದು ಪುರ ಅಥವಾ ಕುಡಿ; ನಾಯರರದು ವೀಡು; ನಂಬೂದಿರಿಯದು ಇಲ್ಲಂ; ಅವರಲ್ಲೂ ಮೇಲಿನವರದು ಮನ; ಅರಸನದು ಕೋವಿಲಗಂ. ಈ ಏಣಿಯನ್ನು ಹಿಡಿದುಕೊಂಡು, ಮಲಬಾರಿಗೂ ತುಳುನಾಡಿಗೂ ಗಡಿಯೆನಿಸಿದ್ದ ಚಂದ್ರಗಿರಿ ಹೊಳೆಯ ಬಡಗುದಿಕ್ಕಿಗೆ ಬಂದರೆ ಮೆಟ್ಟಿಲುಗಳೇ ಅದಲುಬದಲಾಗುತ್ತವೆ. ಅಲ್ಲಿ ಗಣ್ಯ ನಂಬೂದಿರಿಗೆ ಮೀಸಲಾದ ‘ಮನ’ ಇಲ್ಲಿ ಗುಡಿಸಲಿಗೂ ಸಲ್ಲುವ ‘ಮನೆ’. ಅಲ್ಲಿ ಬ್ರಾಹ್ಮಣನದಾದ ‘ಇಲ್ಲಂ’ ಇಲ್ಲಿ ತುಳುವರೆಲ್ಲರ ‘ಇಲ್ಲ್’. ಅಲ್ಲಿ ಇಂದು ಎಲ್ಲರದೂ ಆಗಿರುವ ‘ವೀಡ್’ ತುಳುನಾಡಿನಲ್ಲಿ ಜೈನ ಮತ್ತು ಬಂಟ ಒಡೆಯರ ‘ಬೀಡು’. ಕನ್ನಡದಲ್ಲಿ ಅರಸನ ವಾಸವನ್ನು ಹೇಳಲು ಸಹ ಬೇರೆ ಪದ ಬೇಕಾಗಲಿಲ್ಲ; ಅರಸನ ಮನೆಯೇ ಅರಮನೆಯಾಯಿತು. ಕುಂಬಳೆ ಅರಸರ ಮಾಯಿಪ್ಪಾಡಿ ಅರಮನೆಯನ್ನು ಬಲ್ಲ ನಮ್ಮ ಮಕ್ಕಳು, ಮಲಯಾಳ ಪತ್ರಿಕೆಯಲ್ಲಿ ‘ಅರಮನ’ ಎಂದು ಓದಿ ರಾಜನನ್ನು ಹುಡುಕಿದರೆ ಆಶ್ಚರ್ಯವಿಲ್ಲ, ಏಕೆಂದರೆ ಕೇರಳದಲ್ಲಿ ಆ ಪದವು ಹೆಚ್ಚಾಗಿ ಬಿಷಪ್ಪರ ನಿವಾಸಕ್ಕೆ ಸಲ್ಲುತ್ತದೆ.

ತುಳುವಿನ ‘ಇಲ್ಲ್’ ಕನ್ನಡದ ಕಿವಿಗೆ ‘ಇಲ್ಲ’ ಎಂದು ಕೇಳುವುದರಿಂದ ಹೊಸಬರಿಗೆ ಗಲಿಬಿಲಿಯಾಗುವುದುಂಟು. ತುಳುವರಿಗೆ ಇಲ್ಲವೆನ್ನಲು ‘ಇಜ್ಜಿ’ ಇರುವುದರಿಂದ ಅವರಿಗೆ ಆ ತೊಂದರೆಯಿಲ್ಲ. ಮಲಯಾಳದ ‘ಪುದಿಯಪುರಯಿಲ್’ ಎಂಬ ಮನೆಹೆಸರು ‘ಹೊಸಮನೆಯಲ್ಲಿ’ ಎಂಬ ಅರ್ಥದ್ದು. ಅದರ ಕೊನೆಯ ‘ಇಲ್’ ಪ್ರತ್ಯಯವೂ ಎಡೆ, ಮನೆ ಎಂಬ ಅರ್ಥದ ಹಳೆಯ ‘ಇಲ್’ ಪದದಿಂದಲೇ ಬಂದಿತೆಂಬ ವಿವರಣೆಯನ್ನು ಒಪ್ಪಿದರೆ, ಆ ಹೆಸರಿನೊಳಗೂ ಎರಡು ಮನೆಗಳಿವೆ.

ಮೈಸೂರಿನ ಕಡೆ ಅಡುಗೆಮನೆ, ಬಚ್ಚಲುಮನೆ, ನಡುಮನೆ ಎನ್ನುವಾಗ ಮನೆ ಎಂದರೆ ಕೋಣೆ. ನಮ್ಮಲ್ಲಿ ಅಡಿಗೆ ಕೋಣೆ, ದೇವರ ಕೋಣೆ ಎಂಬ ರೂಢಿಯೇ ಹೆಚ್ಚು. ಮಲಯಾಳದಲ್ಲಿ ಇದೇ ಕೆಲಸವನ್ನು ‘ಪುರ’ ಮಾಡುತ್ತದೆ. ಸ್ನಾನದ ಮನೆ ಕುಳಿಪ್ಪುರ, ಪತ್ತಾಯ, ಅಂದರೆ ಭತ್ತದ ಕಣಜ, ಇರುವ ಕಟ್ಟಡ ಪತ್ತಾಯಪ್ಪುರ. ಕುಳಿತುಕೊಳ್ಳುವ ‘ಮಣೆ’ಯಾದರೋ ಬೇರೆಯೇ ಪದ. ಮನೆಗೆ ಬಂದವರಿಗೆ ಮಣೆ ಹಾಕುವುದು ಮರ್ಯಾದೆಯಾದರೂ ಇವೆರಡಕ್ಕೂ ನೆಂಟಸ್ತಿಕೆ ಕಟ್ಟಬೇಕಾಗಿಲ್ಲ.

ಮನೆಯ ಅರ್ಥವು ಕಟ್ಟಡದಿಂದ ಅದರೊಳಗಿನ ಜನರಿಗೆ ಹರಿದಿರುವುದನ್ನೂ ಹೇಳಬೇಕು. ತಮಿಳಿನಲ್ಲಿ ‘ಮನೈ’ ಎಂದರೆ ಹೆಂಡತಿಯೆಂಬ ಅರ್ಥವೂ ಇದ್ದು, ಹೆಂಡತಿಗೆ ‘ಮನೈವಿ’ ಎಂಬ ಪದ ಅದರಿಂದಲೇ ಬಂದಿದೆ. ಸಂಸ್ಕೃತದ ‘ಗೃಹಿಣಿ’ಯೂ ಗೃಹದಿಂದ ಆದದ್ದು. ಕನ್ನಡದ ‘ಮನೆಯವರು’ ಎಂಬ ಪದ ಮಾತ್ರ ಗಂಡನ ಹೆಸರು ಹೇಳಲೊಲ್ಲದ ಹೆಂಡತಿಗೂ ಹೆಂಡತಿಯ ಹೆಸರು ಹೇಳಲೊಲ್ಲದ ಗಂಡನಿಗೂ ಸಮಾನವಾಗಿ ಒದಗುತ್ತದೆ. ಮನೆ ಒಕ್ಕಲಿಗೆ ಕರೆಯಲು ಬಂದವರು ಜಗಲಿಯಲ್ಲಿ ನಿಂತು ‘ಮನೆಯವರೆಲ್ಲ ಬರಬೇಕು’ ಎಂದಾಗ ಅದೇ ಪದವು ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಒಬ್ಬರನ್ನೂ ಬಿಡುವುದಿಲ್ಲ.