ಸರ್ಟಿಫಿಕೇಟ್ ಸಿಗ್ತಿಲ್ವಾ? ಎರರ್ ಸಾಲನ್ನು ಒಮ್ಮೆ ಪೂರ್ತಿ ಓದಿ

ಸೈಟಿಗೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತರುವ ಪ್ರೋಗ್ರಾಂ ಸರ್ಟ್‌ಬಾಟ್ ಫೇಲ್ ಆದ ಕೂಡಲೇ ಜಾಸ್ತಿ ಜನ ಮಾಡುವುದು ಒಂದೇ. ಅಪ್ ಆರೋ ಒತ್ತಿ ಅದೇ ಕಮಾಂಡನ್ನು ಮತ್ತೆ ಓಡಿಸುವುದು. ದಯವಿಟ್ಟು ಬೇಡ. ಸರ್ಟಿಫಿಕೇಟನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಒಂದು ಅಕೌಂಟಿನಿಂದ ಒಂದು ಡೊಮೇನ್ ಹೆಸರಿಗೆ ಗಂಟೆಗೆ 5 ಸಲ ಫೇಲ್ ಆಗಬಹುದು, ಅಷ್ಟೇ. ಆಮೇಲೆ ಕಾಯಬೇಕು. ಅದರ ಬದಲು ಸರ್ಟ್‌ಬಾಟ್‌ನ ‘ಸರ್ಟ್‌ಓನ್ಲಿ’ ಕಮಾಂಡಿನ ಜೊತೆ ‘ಡ್ರೈ-ರನ್’ ಆಯ್ಕೆ ಸೇರಿಸಿ ಓಡಿಸಿ. ಕೋರಿಕೆ ಅವರ ಟೆಸ್ಟ್ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಮಿತಿ ಸಡಿಲ.

ನಡೆಯುವುದು ಇಷ್ಟು. ನಿಮ್ಮ ಸರ್ವರ್ ಒಂದು ಪುಟ್ಟ ಫೈಲ್ ಇಡುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನವರು ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ನಿಮ್ಮ ಡೊಮೇನ್ ಹುಡುಕಿ, ಸರ್ವರ್‌ನ 80ನೇ ಪೋರ್ಟಿಗೆ (ಎಚ್‌ಟಿಟಿಪಿಯ ಬಾಗಿಲು) ಬಂದು ಅದನ್ನು ಕೇಳುತ್ತಾರೆ. ಸಿಕ್ಕರೆ ಸರ್ಟಿಫಿಕೇಟ್. ‘ನಮ್ಮದು ಎಚ್‌ಟಿಟಿಪಿಎಸ್ ಸೈಟು, 80 ಯಾಕೆ?’ ಅಂತ ಆ ಪೋರ್ಟ್ ಮುಚ್ಚಿದವರು ಇಲ್ಲೇ ಎಡವುತ್ತಾರೆ. 80 ತೆರೆದಿಟ್ಟು ಎಚ್‌ಟಿಟಿಪಿಎಸ್‌ನ 443ಕ್ಕೆ ರೀಡೈರೆಕ್ಟ್ ಮಾಡಿ, ಏನೂ ತೊಂದರೆಯಿಲ್ಲ.

ತಲೆ ಕೆಡಿಸುವುದು ಬೇರೆ ಥರದ ಕೇಸು. ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯ ಸೈಟು ಹೊಸ ಸರ್ವರ್‌ಗೆ ಬಂದಿತ್ತು. ಬ್ರೌಸರ್‌ನಲ್ಲಿ ತೆರೆಯುತ್ತಿತ್ತು, ಫೈಲೂ ಕಾಣುತ್ತಿತ್ತು. ಸರ್ಟ್‌ಬಾಟ್ ಮಾತ್ರ 404 ಅನ್ನುತ್ತಿತ್ತು. ಅವರ ಹುಡುಗ ವೆಬ್ ಸರ್ವರ್ ಸಾಫ್ಟ್‌ವೇರ್ ಎನ್‌ಜಿನ್‌ಎಕ್ಸ್‌ನ ಕಾನ್ಫಿಗ್ಗನ್ನು ಬೆಳಗಿನಿಂದ ತಿದ್ದುತ್ತಾ ಕೂತಿದ್ದ. ಎರರ್ ಸಾಲಿನ ಶುರುವಿನಲ್ಲೇ ಒಂದು ಐಪಿ ಇತ್ತು, ತುಂಬಾ ಕೋಲನ್‌ಗಳಿರುವ ಉದ್ದದ್ದು. ‘ಇದು ನಿಮ್ಮ ಸರ್ವರ್‌ದಾ?’ ಅಂದೆ. ‘ಅಲ್ಲ ಸರ್, ನಮ್ಮದು ಐಪಿವಿ4’ ಅಂದ. ಅಲ್ಲಿಗೆ ಉತ್ತರ ಸಿಕ್ಕಿತು. ಸೈಟು ಸಾಗಿಸುವಾಗ ಡಿಎನ್‌ಎಸ್‌ನಲ್ಲಿ ಐಪಿವಿ4 ವಿಳಾಸ ಹೇಳುವ ಎ ರೆಕಾರ್ಡ್ ಬದಲಿಸಿದ್ದರು, ಹಳೇ ಹೋಸ್ಟಿಂಗ್‌ನ ಐಪಿವಿ6 ವಿಳಾಸ ಹೇಳುವ ಎಎಎಎ ರೆಕಾರ್ಡ್ ಹಾಗೇ ಉಳಿದಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6 ವಿಳಾಸಕ್ಕೇ ಹೋಗುತ್ತದೆ. ಅಲ್ಲಿ ಯಾರೂ ಮಾತಾಡದೆ ಟೈಮ್‌ಔಟ್ ಆಗಿದ್ದರೆ ಐಪಿವಿ4ಗೆ ಬರುತ್ತಿತ್ತು. ಆದರೆ ಹಳೇ ಸರ್ವರ್ ಬದುಕಿತ್ತು, ‘ಅಂಥ ಫೈಲ್ ಇಲ್ಲ’ ಅಂತ ಉತ್ತರ ಕೊಟ್ಟಿತು. ಉತ್ತರ ಸಿಕ್ಕ ಮೇಲೆ ಅವರು ಇನ್ನೊಂದು ಮನೆ ಹುಡುಕುವುದಿಲ್ಲ. ಆ ರೆಕಾರ್ಡ್ ಅಳಿಸಿ, ಡಿಎನ್‌ಎಸ್‌ನ ಟಿಟಿಎಲ್ (ಹಳೇ ಉತ್ತರ ನೆನಪಿಟ್ಟುಕೊಳ್ಳುವ ಅವಧಿ) ಮುಗಿಯುವವರೆಗೆ ಕಾದೆವು. ಸರ್ಟಿಫಿಕೇಟ್ ಬಂತು. ಕಾನ್ಫಿಗ್ ಶುರುವಿನಿಂದಲೂ ಸರಿಯಾಗೇ ಇತ್ತು, ಪಾಪ.

‘ಡ್ಯೂರಿಂಗ್ ಸೆಕೆಂಡರಿ ವ್ಯಾಲಿಡೇಷನ್’ ಅಂತ ಎರರ್ ಬಂದರೆ ಕಾನ್ಫಿಗ್ ಬಿಡಿ, ಫೈರ್‌ವಾಲ್ ನೋಡಿ. 2020ರಿಂದ ಅವರು ಒಂದೇ ಕಡೆಯಿಂದ ಪರೀಕ್ಷಿಸುವುದಿಲ್ಲ, ಪ್ರಪಂಚದ ಬೇರೆ ಬೇರೆ ಜಾಗಗಳಿಂದ ಬರುತ್ತಾರೆ. ‘ನಮ್ಮ ಗಿರಾಕಿಗಳೆಲ್ಲ ಬೆಂಗಳೂರಿನವರು, ಹೊರದೇಶದ ಟ್ರಾಫಿಕ್ ಯಾಕೆ?’ ಅಂತ ಇಂಡಿಯಾ ಬಿಟ್ಟು ಮಿಕ್ಕಿದ್ದನ್ನೆಲ್ಲ ಬ್ಲಾಕ್ ಮಾಡಿದ್ದರೆ ಪರೀಕ್ಷೆ ಫೇಲ್ ಆಗುವುದು ಗ್ಯಾರಂಟಿ. ಅವರ ಐಪಿಗಳನ್ನು ಮಾತ್ರ ಬಿಡೋಣ ಅಂದರೆ ಆಗದು. ಆ ಪಟ್ಟಿಯನ್ನು ಅವರು ಕೊಡುವುದಿಲ್ಲ, ಐಪಿಗಳೂ ಬದಲಾಗುತ್ತಿರುತ್ತವೆ. ಬ್ಲಾಕ್ ಬೇಕೇ ಬೇಕು ಅಂದರೆ ಡಿಎನ್‌ಎಸ್ ಚಾಲೆಂಜ್ ಬಳಸಿ. ಅದಕ್ಕೆ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ (ಪಠ್ಯದ) ರೆಕಾರ್ಡ್ ಸಾಕು, ನಿಮ್ಮ ವೆಬ್ ಸರ್ವರ್ ಹತ್ತಿರ ಅವರು ಬರುವುದೇ ಇಲ್ಲ. ಎಲ್ಲ ಸಬ್‌ಡೊಮೇನ್‌ಗಳಿಗೂ ಒಂದೇ ಆಗುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟಿಗಂತೂ ಇದೊಂದೇ ದಾರಿ.

ಮನೆಯಲ್ಲೇ ಸರ್ವರ್ ಇಟ್ಟವರಿಗೂ ನಾನು ಹೇಳುವುದು ಇದನ್ನೇ, ಡಿಎನ್‌ಎಸ್ ಚಾಲೆಂಜ್ ಬಳಸಿ. ರೂಟರ್‌ನ ವ್ಯಾನ್ (ಹೊರಬದಿಯ) ಐಪಿ 100.64ರಿಂದ 100.127ರ ಒಳಗಿದ್ದರೆ ನೀವು ಇಂಟರ್ನೆಟ್ ಕಂಪನಿಯ ನ್ಯಾಟ್ (ಹಲವು ಮನೆಗಳು ಒಂದೇ ಹೊರ ಐಪಿ ಹಂಚಿಕೊಳ್ಳುವ ವ್ಯವಸ್ಥೆ) ಹಿಂದೆ ಇದ್ದೀರಿ, ಹೊರಗಿನವರು ನಿಮ್ಮ 80ನೇ ಪೋರ್ಟ್ ತಲುಪುವುದಿಲ್ಲ. ಸುಮ್ನೆ ಪೋರ್ಟ್ ಫಾರ್ವರ್ಡ್ ಮಾಡುತ್ತಾ ಕೂರಬೇಡಿ.

ಯಾರು ಸರ್ಟಿಫಿಕೇಟ್ ಕೊಡಬಹುದು ಅಂತ ಹೇಳುವ, ಡೊಮೇನಿನ ಸಿಎಎ ರೆಕಾರ್ಡ್‌ನಲ್ಲಿ ಬೇರೆ ಕಂಪನಿಯ ಹೆಸರು ಮಾತ್ರ ಇದ್ದರೂ ಕೋರಿಕೆ ತಿರಸ್ಕಾರವಾಗುತ್ತದೆ. ಎರರ್‌ನಲ್ಲಿ ಅದನ್ನು ನೇರವಾಗಿಯೇ ಬರೆದಿರುತ್ತಾರೆ.

ಇನ್ನೊಂದು ವಿಷಯ. ‘ಸರ್ಟಿಫಿಕೇಟ್ ಮುಗಿಯುತ್ತಿದೆ’ ಅಂತ ಬರುತ್ತಿದ್ದ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ರಿನ್ಯೂ ಮಾಡುವ ಟೈಮರ್ ಓಡುತ್ತಿದೆಯೇ ಅಂತ ನೀವೇ ನೋಡಬೇಕು. ರಿನ್ಯೂ ಆದ ಮೇಲೆ ಎನ್‌ಜಿನ್‌ಎಕ್ಸ್ ರೀಲೋಡ್ ಆಗುವಂತೆ ಡಿಪ್ಲಾಯ್ ಹುಕ್ ಕೂಡ ಹಾಕಿಡಿ. ಇಲ್ಲದಿದ್ದರೆ ಹೊಸ ಸರ್ಟಿಫಿಕೇಟ್ ಡಿಸ್ಕಿನಲ್ಲಿರುತ್ತದೆ, ಗಿರಾಕಿಗೆ ಕಾಣುವುದು ಹಳೆಯದು.