ಕೊಲೆಗೆ ಬಾಳೆದಿಂಡು ಸಾಕು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ತನ್ನ ಕಿರುಚಿತ್ರ ತಗೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದ. ಸರಣಿ ಕೊಲೆಗಾರನ ಕಥೆ. "ಸರ್, ದುಡ್ಡಿಲ್ಲ. ಆದ್ರೆ ಜನ ಹೆದರಬೇಕು" ಅಂದ. ಸಿನಿಮಾಗಳಿಗೆ ಶಬ್ದ ಕೂರಿಸುವುದು ನನ್ನ ಕೆಲಸ. ಕೊಲೆಯ ದೃಶ್ಯ ಹಾಕಿಸಿ ನೋಡಿದೆ. ಚಾಕು, ಕೆಂಪು ನೀರು, ಕಿರುಚಾಟ, ಸಾಲದ್ದಕ್ಕೆ ಗುಡುಗು. ನಗು ಬಂತು.

ತೊಂಬತ್ತರ ದಶಕದಲ್ಲಿ ಇಂಥ ಸರಣಿ ಕೊಲೆಗಾರರ ಸಿನಿಮಾಗಳು ಕ್ಯಾಸೆಟ್ಟುಗಳಲ್ಲಿ ರಾಶಿ ಬಿದ್ದಿದ್ದವು. 1991ರ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್' ಐದು ಆಸ್ಕರ್ ಗೆದ್ದಿತು. 1995ರಲ್ಲಿ 'ಸೆವೆನ್' ಜೋರಾಗಿ ಓಡಿತು. ಆಮೇಲೆ ಕೇಳಬೇಕಾ? ಸಿಕ್ಕಸಿಕ್ಕವರೆಲ್ಲ ಒಬ್ಬೊಬ್ಬ ಕೊಲೆಗಾರನನ್ನು ಹುಟ್ಟಿಸಿದರು. ಹೆಚ್ಚಿನವು ಕಸ. ಕೈಯಲ್ಲಿ ಕಾಸಿಲ್ಲದೆ ದೊಡ್ಡ ಸಿನಿಮಾದ ವೇಷ ಹಾಕಲು ಹೋಗಿ ಕೆಟ್ಟವು.

ಹುಡುಗನಿಗೆ ನಾನು ತೋರಿಸಿದ್ದು 'ಹೆನ್ರಿ: ಪೋರ್ಟ್ರೇಟ್ ಆಫ್ ಎ ಸೀರಿಯಲ್ ಕಿಲ್ಲರ್'. ಜಾನ್ ಮ್ಯಾಕ್‌ನಾಟನ್ ಅದನ್ನು 1985ರಲ್ಲಿ ಶಿಕಾಗೋದಲ್ಲಿ ಸುಮಾರು 1,10,000 ಡಾಲರಿನಲ್ಲಿ ತೆಗೆದರು, ಅದೂ ದೊಡ್ಡ ಸಿನಿಮಾಗಳ 35 ಎಂಎಂ ಬಿಟ್ಟು, ಅಗಲ ಕಡಿಮೆಯ ಅಗ್ಗದ 16 ಎಂಎಂ ಫಿಲ್ಮಿನಲ್ಲಿ. ಥಿಯೇಟರಿಗೆ ಸರಿಯಾಗಿ ಬರುವಷ್ಟರಲ್ಲಿ 1990 ಆಗಿತ್ತು. ಶುರುವಿನಲ್ಲೇ ಹೆಣಗಳು. ಕೊಲೆ ಮಾತ್ರ ಕಾಣುವುದಿಲ್ಲ. ಕ್ಯಾಮೆರಾ ಹೆಣದ ಬಳಿ ಸುಮ್ನೆ, ನಿಧಾನಕ್ಕೆ ಸರಿಯುತ್ತದೆ. ಆಗಲೇ ಮುಗಿದುಹೋದ ಕೊಲೆಯ ಕೂಗಾಟ, ಹೊಡೆದಾಟ ನಮ್ಮ ಕಿವಿಗೆ ಬೀಳುತ್ತದೆ. ಉಳಿದದ್ದನ್ನು ನೋಡುವವನ ತಲೆಯೇ ಪುಕ್ಕಟೆ ಮಾಡಿಕೊಡುತ್ತದೆ, ಅಲ್ವಾ?

ಮಾರನೇ ವಾರ ಹುಡುಗನ ತೋಟದ ಮನೆಗೇ ಹೋದೆವು. ಒಂದು ಬಾಳೆದಿಂಡಿಗೆ ಒದ್ದೆ ಬಟ್ಟೆ ಸುತ್ತಿದೆ. ಒಂದು ಗೇಣು ದೂರದಲ್ಲಿ ಮೈಕ್ ಇಟ್ಟು ಚಾಕು ಇಳಿಸಿದೆ. ಮೊದಲು ಬಟ್ಟೆ 'ಪರ್' ಅಂತು, ಆಮೇಲೆ ನೀರು ತುಂಬಿದ 'ಕಚಕ್'. ಎರಡರ ನಡುವೆ ಒಂದು ಚೂರು ಬಿಡುವು ಇರುತ್ತದಲ್ಲ, ಮೈ ಜುಮ್ಮೆನ್ನುವುದು ಅಲ್ಲೇ. ಹೆಜ್ಜೆ ಸಪ್ಪಳಕ್ಕೆ ಕೊಟ್ಟಿಗೆ ಅಟ್ಟದಲ್ಲಿದ್ದ ಒಣ ಅಡಿಕೆ ಹಾಳೆ ಸಿಕ್ಕಿತು. ನಾಲ್ಕನೇ ಸಲ ಇರಿಯುವಾಗ ಹುಡುಗನ ಅಜ್ಜಿ ಬಾಗಿಲಿಗೆ ಬಂದು, "ಎಂಥ ಮಾರಾಯ, ಪಲ್ಯಕ್ಕೆ ಅಂತ ಇಟ್ಟಿದ್ದ ದಿಂಡು!" ಅಂದರು. ಅದೂ ರೆಕಾರ್ಡ್ ಆಗಿದೆ.

ರಾತ್ರಿ ಜೀರುಂಡೆ ದನಿಯನ್ನೂ ಹಿಡಿದೆವು. ತೋಟದ ಜೀರುಂಡೆ ತಟ್ಟನೆ ಸುಮ್ಮನಾದರೆ ಹತ್ತಿರ ಏನೋ ಸುಳಿದಿದೆ ಅಂತ ಮಲೆನಾಡಿನ ಮಗುವಿಗೂ ಗೊತ್ತು. ಅದನ್ನೇ ಬಳಸಿದೆ. ಗುಡುಗು ತೆಗೆದೆ, ಸಂಗೀತ ತೆಗೆದೆ. ಜೀರುಂಡೆ ಕೂಗುತ್ತಿರುತ್ತದೆ, ನಿಲ್ಲುತ್ತದೆ. ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಹಾಳೆ ಮುರಿದ ಸದ್ದು.

ಕೊನೆಗೆ ಬಾಳೆದಿಂಡನ್ನೂ ಬಳಸಲಿಲ್ಲ. ಇರಿಯುವ ದೃಶ್ಯವನ್ನು ಹುಡುಗನೇ ಕತ್ತರಿಸಿ ಹಾಕಿದ. ಈ ಸುದ್ದಿ ಅಜ್ಜಿಗೆ ಇನ್ನೂ ಹೇಳಿಲ್ಲ.